ಕಂದು ಗುಂಡಿಗಳ ಕಲ್ಲು

ಮಗಳ ಎದೆಗೆ ಆಗದ್ದನ್ನೆಲ್ಲ ಮನೆಯಿಂದ ಹೊರಗಿಡುವುದರಲ್ಲಿ ನಾನು ಎಷ್ಟು ಪಳಗಿಬಿಟ್ಟಿದ್ದೆನೆಂದರೆ, ಮಸ್ಕತ್ತಿನ ಅಲ್ ಖೌದ್‌ನ ನಮ್ಮ ಫ್ಲ್ಯಾಟಿಗೆ ಮೊದಲ ಸಲ ಬಂದವರು "ಈಗಷ್ಟೇ ಶಿಫ್ಟ್ ಆದ್ರಾ?" ಎಂದು ಕೇಳುತ್ತಿದ್ದರು. ಕಾರ್ಪೆಟ್ ಇಲ್ಲ, ದಪ್ಪ ಪರದೆ ಇಲ್ಲ, ಊದುಬತ್ತಿ ಇಲ್ಲ. ಕೆಳಗಿನ ಮನೆಯವರು ಸಂಜೆ ಬಖೂರ್ ಎಂಬ ಧೂಪದ ಹೊಗೆ ಹಾಕಿದರೆ ನಾನು ಮುಂಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕುತ್ತಿದ್ದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ತೂತಿನಲ್ಲಿ ಪಾರಿವಾಳಗಳು ಗೂಡು ಕಟ್ಟಲು ನೋಡಿದಾಗ, ಪುಕ್ಕ ಒಳಗೆ ಬರಬಾರದೆಂದು ಹಾಲಿನ ಪುಡಿಯ ರಟ್ಟಿನ ಡಬ್ಬ ಕತ್ತರಿಸಿ, ಅಗಲ ಟೇಪಿನಿಂದ ನಾಲ್ಕೂ ಕಡೆ ಅಂಟಿಸಿದೆ. ಟೇಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ್ದು, ಕೆಲಸ ಚೆನ್ನಾಗಿ ಮುಗಿಯಿತೆಂದು ಸಮಾಧಾನಪಟ್ಟದ್ದು, ಎರಡೂ ನನಗೆ ಚೆನ್ನಾಗಿ ನೆನಪಿವೆ.

ಮಗಳಿಗೆ ಆಗ ಒಂಬತ್ತು ವರ್ಷ. ಮೂರನೆಯ ವಯಸ್ಸಿನಿಂದ ಉಬ್ಬಸ. ಬೆಕ್ಕು ಬೇಕೆಂದಳು, ರೋಮ ಅಂದೆ. ಗಿಣಿ ಬೇಕೆಂದಳು, ಪುಕ್ಕ ಅಂದೆ. ಒಂದು ದಿನ ಶಾಲೆಯಿಂದ ಬಂದವಳು ಬ್ಯಾಗ್ ಇಳಿಸುವ ಮೊದಲೇ ವಕೀಲರ ಹಾಗೆ ವಾದ ಹೂಡಿದಳು: "ಫಿಶ್ ಡೋಂಟ್ ಹ್ಯಾವ್ ಹೇರ್, ಅಮ್ಮ. ಫಿಶ್ ಡೋಂಟ್ ಹ್ಯಾವ್ ಫೆದರ್ಸ್."

ಮೈಸೂರಿನ ಕಡೆಯವರಾದ ನಮ್ಮ ಯಜಮಾನರು, ಮದುವೆಯಾದ ಮೇಲಷ್ಟೇ ತಟ್ಟೆಯ ಪಕ್ಕದಲ್ಲಿ ಮೀನನ್ನು ಸಹಿಸಲು ಕಲಿತವರು, ಸೋಫಾದಿಂದಲೇ ನಕ್ಕರು. "ಮೀನು ಅಂದ್ರೆ ನಿಂಗೆ ಸಾರು ಮಾಡೋದೊಂದೇ ಗೊತ್ತು ಕಣೇ. ಸಾಕೋದು ಗೊತ್ತಾ?"

"ಕಲಿತರೆ ಆಯ್ತಪ್ಪ," ಅಂದೆ.

ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ಹೋದಾಗಲೆಲ್ಲ ದಾರಿಯಲ್ಲೊಂದು ಮೀನಿನ ಅಂಗಡಿ ನೋಡುತ್ತಿದ್ದೆವು. ಒಳಗೆ ಹೋದರೆ ನೀಲಿ ಬೆಳಕು, ಪಂಪುಗಳ ಗುಳುಗುಳು ಸದ್ದು. ಅಂಗಡಿಯವರು ನಮ್ಮ ಕಡೆಯ ಬ್ಯಾರಿಗಳು, ಐವತ್ತರ ಹತ್ತಿರದವರು. ನನ್ನ ಕನ್ನಡ ಕಿವಿಗೆ ಬಿದ್ದದ್ದೇ "ಊರಲ್ಲಿ ಎಲ್ಲಿ ಅಕ್ಕ?" ಎಂದು ವಿಚಾರಿಸಿ, ಮಂಗಳೂರು ಎಂದ ಮೇಲೆ ಒಂದು ಸ್ಟೂಲು ಒರೆಸಿ ಕೊಟ್ಟರು. ನಾನು ಗೋಲ್ಡ್ ಫಿಶ್ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಬಂದಿದ್ದೆ. ಮಗಳು ಹೋಗಿ ನಿಂತದ್ದು ಮೂಲೆಯ ಉಪ್ಪುನೀರಿನ ತೊಟ್ಟಿಯ ಮುಂದೆ. ಅಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಮೀನುಗಳು ಮುಖಾಮುಖಿಯಾಗಿ ತೇಲುತ್ತಿದ್ದವು.

"ಉಪ್ಪುನೀರಿಂದು ಸ್ವಲ್ಪ ಕಷ್ಟ ಅಕ್ಕ. ಆದರೆ ಆಗದ್ದು ಅಂತ ಎಂತ ಇಲ್ಲ," ಎಂದರು ಅಂಗಡಿಯವರು. "ಒಂದೇ ವಿಷಯ. ಅವಸರ ಮಾಡಬಾರದು. ಒಂದು ತಿಂಗಳು ಮೀನು ಹಾಕ್ಲಿಕ್ಕಿಲ್ಲ. ನೀರು, ಮರಳು, ಕಲ್ಲು ಅಷ್ಟೇ."

ಕಲ್ಲು ಎಂದರೆ ಬರೀ ಕಲ್ಲಲ್ಲ. ಸಮುದ್ರದಲ್ಲಿದ್ದು, ಮೈತುಂಬ ತೂತುಗಳಾಗಿ, ಆ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಗಳು ಸೇರಿಕೊಂಡ ಕಲ್ಲು. ನೀರಿನ ಕೊಳೆಯನ್ನು ತಿಂದು ತೊಟ್ಟಿಯನ್ನು ಬದುಕಲು ಯೋಗ್ಯ ಮಾಡುವುದು ಅವೇ. ಇಲ್ಲಿನ ಸಮುದ್ರದಿಂದ ಹವಳದ ಒಂದು ಚೂರನ್ನೂ ಎತ್ತಿ ತರುವಂತಿಲ್ಲ. ಇವು ಬೇರೆ ದೇಶದಿಂದ ಪೆಟ್ಟಿಗೆಯಲ್ಲಿ ಬಂದವು. ಮಗಳು ಆರಿಸಿದ್ದು ಕಮಾನಿನ ಆಕಾರದ ಒಂದನ್ನು. ಅದರ ಹೊಟ್ಟೆಯ ಕೆಳಗೆ ಕಂದು ಬಣ್ಣದ ಏಳೆಂಟು ಗಂಟುಗಳು ಮುದುಡಿಕೊಂಡಿದ್ದವು. ನನಗೆ ಕೊಳೆ ಎನಿಸಿತು.

"ಮನೆಗೆ ಹೋಗಿ ಬಿಸಿನೀರಲ್ಲಿ ಒಮ್ಮೆ ತೊಳೀಲಾ?" ಎಂದು ಕೇಳಿದೆ.

ಅವರು ಕಲ್ಲನ್ನು ಒದ್ದೆ ಪೇಪರಿನಲ್ಲಿ ಸುತ್ತುತ್ತಿದ್ದವರು ತಲೆ ಎತ್ತಿದರು. "ಬೇಡ ಬೇಡ. ಬಿಸಿನೀರು ಮಾತ್ರ ಹಾಕಬೇಡಿ. ಜೀವ ಉಂಟು ಅದರಲ್ಲಿ. ಮುಟ್ಟುವಾಗ ಗ್ಲೌಸ್ ಹಾಕಿ."

ಜೀವ ಉಂಟು, ಸಾಯುತ್ತದೆ, ಆದ್ದರಿಂದ ಬಿಸಿನೀರು ಬೇಡ. ನಾನು ಹಾಗೆ ಅರ್ಥ ಮಾಡಿಕೊಂಡೆ. ಯಾರಾದರೂ ಹಾಗೇ ಅರ್ಥ ಮಾಡಿಕೊಳ್ಳುತ್ತಿದ್ದರು.

ತೊಟ್ಟಿಯನ್ನು ಊಟದ ಮೇಜಿನ ಪಕ್ಕದ ಗೋಡೆಗೆ ಇಟ್ಟೆವು. ನಮ್ಮ ನಲ್ಲಿಯಲ್ಲಿ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದು ಕಳಿಸಿದ ನೀರು. ಅದನ್ನು ಫಿಲ್ಟರ್ ಮಾಡಿ, ಬಕೆಟ್ಟಿಗೆ ಅಂಗಡಿಯ ಉಪ್ಪು ಅಳೆದು ಹಾಕಿ ಮರದ ಸೌಟಿನಿಂದ ಕಲಸುತ್ತಿದ್ದರೆ ನಮ್ಮವರು ಬಾಗಿಲಿಗೆ ಒರಗಿ, "ಗವರ್ಮೆಂಟು ಅಷ್ಟು ಕಷ್ಟಪಟ್ಟು ತೆಗೆದಿದ್ದನ್ನ ನೀನು ವಾಪಸ್ ಹಾಕ್ತಿದೀಯಲ್ಲ," ಎಂದರು. ಆಮೇಲೆ ಒಂದು ತಿಂಗಳು, ಮೀನಿಲ್ಲದ ನೀರಿಗೆ ದೀಪ ಹಾಕುವುದು, ಆರಿಸುವುದು, ಆವಿಯಾದಷ್ಟು ಸಿಹಿನೀರು ತುಂಬುವುದು. ಗಾಜಿನ ಅಂಚಿನಲ್ಲಿ ಬೆಳೆಯುವ ಉಪ್ಪಿನ ಬಿಳಿ ಪದರವನ್ನು ದಿನಾ ಒರೆಸುತ್ತಿದ್ದೆ. ಮರುದಿನ ಅದು ಅಲ್ಲೇ ಇರುತ್ತಿತ್ತು.

ಎರಡನೆಯ ವಾರದಲ್ಲಿ ಆ ಕಂದು ಗಂಟುಗಳು ಬಿಚ್ಚಿಕೊಂಡವು. ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಒಂದೊಂದೇ ಅರಳಿ, ಕೋಟಿನ ಗುಂಡಿಯಷ್ಟಗಲವಾಗಿ, ಅಂಚಿನ ಸುತ್ತ ಸಣ್ಣ ಕುಚ್ಚುಗಳನ್ನು ಆಡಿಸತೊಡಗಿದವು. ಮಗಳಿಗೆ ಖುಷಿಯೋ ಖುಷಿ. "ಅಮ್ಮ, ದೇ ಆರ್ ವೇವಿಂಗ್ ಅಟ್ ಮಿ." ಅವಳು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಲು ಶುರುಮಾಡಿದಳು. ಸೋಮವಾರ ಎಂಟು. ಮುಂದಿನ ಸೋಮವಾರ ಹನ್ನೊಂದು. ಮೀನುಗಳು ಬರುವ ಹೊತ್ತಿಗೆ ಹತ್ತೊಂಬತ್ತು. ಕಮಾನಿನ ಹೊಟ್ಟೆಯಿಂದ ಬೆನ್ನಿಗೆ ಹತ್ತಿದ್ದವು.

ಎರಡು ಮೀನುಗಳೂ ಕಮಾನಿನ ಕೆಳಗೆ ಮಲಗುತ್ತವೆಂದು ನಾವು ಅಂದುಕೊಂಡಿದ್ದೆವು. ಅವು ಅತ್ತ ಸುಳಿಯಲೇ ಇಲ್ಲ. ತೊಟ್ಟಿಯ ಇನ್ನೊಂದು ತುದಿಯಲ್ಲಿ, ಪಂಪಿನ ಬಳಿ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಗಾಜಿನ ಪಾಚಿ ತಿನ್ನಲು ತಂದ ಬಸವನಹುಳು ಒಂದು ದಿನ ಕಲ್ಲಿನ ಬುಡದಲ್ಲಿ ಮಗುಚಿ ಬಿದ್ದಿತ್ತು. ಎತ್ತಿ ನೋಡಿದರೆ ಚಿಪ್ಪು ಖಾಲಿ. ನಾನು ಮಗಳಿಗೆ ಹೇಳದೆ ಕಸಕ್ಕೆ ಹಾಕಿದೆ. ಅಂಗಡಿಗೆ ಫೋನ್ ಮಾಡಿದಾಗ ಅವರು, "ಆ ಕಂದು ಗುಂಡಿ ಜಾಸ್ತಿ ಆಗ್ತಾ ಉಂಟಾ? ಕಲ್ಲು ತಂದುಕೊಡಿ ಅಕ್ಕ, ಬೇರೆ ಕೊಡ್ತೇನೆ. ಶನಿವಾರ ಬನ್ನಿ," ಎಂದರು. ಶನಿವಾರ ನಮ್ಮವರಿಗೆ ಆಫೀಸಿನಿಂದ ಕರೆ ಬಂತು. ಇನ್ನೊಂದು ಕಲ್ಲಿಗಾಗಿ ಎರಡೆರಡು ಸಲ ಫೋನ್ ಮಾಡಿ ಕಾಟ ಕೊಡುವುದು ಸರಿಯಲ್ಲ ಎನಿಸಿತು. ಯಾರಿಗೂ ತೊಂದರೆ ಕೊಡಬಾರದು ಎನ್ನುವುದು ನನ್ನ ರಕ್ತದಲ್ಲೇ ಇದೆ.

ಆಗಲೇ ಜೂನ್. ನಮ್ಮ ಕಟ್ಟಡದ ಮನೆಗಳು ಒಂದೊಂದಾಗಿ ಊರಿಗೆ ಹೊರಟವು. ಲಿಫ್ಟಿನ ತುಂಬ ಸೂಟ್‌ಕೇಸು, ಕೈಯಲ್ಲಿ ಅವನ್ನು ತೂಗುವ ಕೊಕ್ಕೆ, ಬಾಗಿಲಿಗೆ ಎರಡು ಬೀಗ. ನಮ್ಮವರ ರಜೆ ಕೊನೆಯ ಗಳಿಗೆಯಲ್ಲಿ ತಪ್ಪಿ ನಾವು ಉಳಿದೆವು. ನಮ್ಮ ಮಹಡಿಯಲ್ಲಿ ದೀಪ ಉರಿಯುತ್ತಿದ್ದುದು ನಮ್ಮದೊಂದೇ ಮನೆಯಲ್ಲಿ. ಹೊರಗೆ ಬಾಗಿಲ ಹಿಡಿ ಮುಟ್ಟಿದರೆ ಕೈ ಸುಡುವ ಬಿಸಿಲು. ಕಿಟಕಿಗಳನ್ನೆಲ್ಲ ಮುಚ್ಚಿ, ಎ.ಸಿ. ಹಾಕಿ, ಒಳಗಿನ ಗಾಳಿಯನ್ನೇ ತಿರುಗಿ ತಿರುಗಿ ಉಸಿರಾಡುತ್ತ ಕೂತಿದ್ದೆವು. ನೋಟ್‌ಬುಕ್ಕಿನ ಲೆಕ್ಕ ನಲವತ್ತು ದಾಟಿತ್ತು.

ಅದೊಂದು ಶುಕ್ರವಾರ. ನಮ್ಮವರು ತಿಂಡಿ ತಿಂದು ಸೋಫಾದಲ್ಲಿ ಮಲಗಿದ್ದರು. ಮಗಳು ಊಟದ ಮೇಜಿನಲ್ಲಿ ರಜೆಯ ಹೋಮ್‌ವರ್ಕಿನ ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು. ನಾನು ತೊಟ್ಟಿಯ ಮುಂದೆ ನಿಂತು ಯೋಚಿಸಿದೆ: ಬಿಸಿನೀರು ಹಾಕಿದರೆ ಸಾಯುತ್ತವಲ್ಲ, ಈಗ ನನಗೆ ಬೇಕಾದದ್ದೂ ಅದೇ ತಾನೆ? ಕಲ್ಲು ಚಂದದ್ದು. ಕುದಿಸಿ, ಉಜ್ಜಿ, ತೊಳೆದು ಮತ್ತೆ ಇಟ್ಟರೆ ಮೀನುಗಳಿಗೆ ಮನೆಯಾಗುತ್ತದೆ.

ಈ ಯೋಚನೆ ನನಗೆ ಎಲ್ಲಿಂದ ಬಂತೆಂದು ಹುಡುಕಬೇಕಾಗಿಲ್ಲ. ನನ್ನ ತವರಿನಲ್ಲಿ ಮರುವಾಯಿ ತಂದರೆ, ಆ ಪುಟ್ಟ ಚಿಪ್ಪುಗಳನ್ನು ಬುಟ್ಟಿಯಿಂದ ನೇರ ಕುದಿಯುವ ನೀರಿಗೆ ಸುರಿಯುವುದು. ಬಾಯಿ ಬಿಟ್ಟರೆ ಬೆಂದಿತೆಂದು ಲೆಕ್ಕ. ಸಿಗಡಿಯ ಪಾತ್ರೆಗೆ, ಮೀನು ಕತ್ತರಿಸಿದ ಮಣೆಗೆ, ಅಂಗಳದ ಕಲ್ಲಿಗೆ, ಎಲ್ಲಕ್ಕೂ ಕೊನೆಯಲ್ಲಿ ಅಮ್ಮ ಒಂದು ಚೆಂಬು ಕುದಿನೀರು ಹೊಯ್ಯುತ್ತಿದ್ದಳು. ಕಾನ್ವೆಂಟಿನ ಹಾಸ್ಟೆಲಿನಲ್ಲೂ ಅದೇ. ಸೋಪಿನಲ್ಲಿ ತೊಳೆದ ತಟ್ಟೆಯನ್ನು ಸಿಸ್ಟರ್ ಒಪ್ಪುತ್ತಿರಲಿಲ್ಲ. ಸಾಲಾಗಿ ನಿಂತು ಹಂಡೆಯ ಕುದಿನೀರಿಗೆ ಅದ್ದಿ ತೋರಿಸಬೇಕಿತ್ತು. ಔಷಧಿ, ಕೆಮಿಕಲ್ ಎಂದರೆ ನನಗೆ ಭಯ. ನೀರೆಂದರೆ ಎಂದೂ ಭಯವಿರಲಿಲ್ಲ.

ಉದ್ದನೆಯ ಗ್ಲೌಸ್ ಹಾಕಿದೆ. ಅದನ್ನು ಮರೆಯಲಿಲ್ಲ. ಕಲ್ಲನ್ನು ಎತ್ತಿ, ಹಬ್ಬಕ್ಕೆ ಅನ್ನ ಮಾಡುವ ದೊಡ್ಡ ಪಾತ್ರೆಗೆ ಇಳಿಸಿ, ಮುಳುಗುವಷ್ಟು ನೀರು ಹಾಕಿ, ಗ್ಯಾಸಿನ ಮೇಲಿಟ್ಟು ಮುಚ್ಚಳ ಮುಚ್ಚಿದೆ. ಎತ್ತುವಾಗಲೇ ಗುಂಡಿಗಳೆಲ್ಲ ಒಮ್ಮೆಗೇ ಮುದುಡಿಕೊಂಡಿದ್ದವು. ನೀರು ಕುದಿ ಬಂದಾಗ ಮುಚ್ಚಳ ಟಕಟಕ ಎಂದಿತು. ತೆಗೆದೆ. ದಂಡೆಯ ಬಿಸಿಲಲ್ಲಿ ಬಿದ್ದ ಹಳೆಯ ಬಲೆಯಂಥ ವಾಸನೆ ಎದ್ದಿತು. ಎಕ್ಸಾಸ್ಟಿನ ಕಡೆ ನೋಡಿದೆ. ರಟ್ಟು ಗಟ್ಟಿಯಾಗಿ ಕೂತಿತ್ತು.

"ಲೆಟ್ ಮಿ ಸೀ, ಅಮ್ಮ." ಮಗಳು ಸ್ಟೂಲು ಎಳೆದುಕೊಂಡು ಬಂದು ಹತ್ತಿ, ಪಾತ್ರೆಯ ಮೇಲೆ ಬಾಗಿದಳು. ಕಣ್ಣು ಮುಚ್ಚಿ, ಬಾಯಿ ತೆರೆದು, ಮೂಗಿನಿಂದ ಎಳೆದು. ನೆಗಡಿಯಾದಾಗಲೆಲ್ಲ ನಾನು ಅವಳ ತಲೆಗೆ ಟವೆಲ್ ಹೊದಿಸಿ ಹಬೆ ಕೊಡುತ್ತೇನೆ. ಹಬೆ ಕಂಡರೆ ಹಾಗೆ ಬಾಗಬೇಕೆಂದು ಅವಳಿಗೆ ಕಲಿಸಿದವಳು ನಾನು.

"ಸುಡ್ತದೆ, ಇಳಿ," ಎಂದೆ. ನನ್ನ ಚಿಂತೆ ಸುಡುವುದರ ಬಗ್ಗೆ ಮಾತ್ರ ಇತ್ತು.

ಅವಳು ಹೋದ ಮೇಲೆ ಕಲ್ಲನ್ನು ಸಿಂಕಿನಲ್ಲಿಟ್ಟು ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದೆ. ಗುಂಡಿಗಳು ಬೆಂದ ಸಿಪ್ಪೆಯ ಹಾಗೆ ಸುಲಿದು ಬಂದವು. ಕೆಲಸ ಮುಗಿಸಿ ಒಂದು ಲೋಟ ನೀರು ಕುಡಿದೆ. ಕಹಿ. ಬೀಗದ ಕೈಯನ್ನು ನಾಲಿಗೆಯ ಮೇಲಿಟ್ಟ ಹಾಗೆ. ಲೋಟ ತೊಳೆಯಲಿಲ್ಲವೇನೋ ಎಂದು ಇನ್ನೊಂದು ಲೋಟದಲ್ಲಿ ಕುಡಿದೆ. ಅದೂ ಹಾಗೇ.

ಸೋಫಾದಿಂದ ಕೆಮ್ಮು. "ಏನೇ ಹುರಿದೆ? ಒಣಮೆಣಸಿನಕಾಯಿನಾ?"

"ಎಂತದೂ ಹುರಿದಿಲ್ಲ ಮಾರಾಯ್ರೇ," ಎಂದೆ. ಹೇಳುವಾಗಲೇ ನನಗೂ ಕೆಮ್ಮು ಬಂತು. ಆಮೇಲೆ ಚಳಿ. ಜೂನ್ ತಿಂಗಳ ಮಧ್ಯಾಹ್ನ, ಮಸ್ಕತ್ತಿನಲ್ಲಿ, ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಎ.ಸಿ. ಜಾಸ್ತಿಯಾಯಿತೆಂದು ಆರಿಸಿದೆ. ಮನೆಯೊಳಗೆ ಅಲುಗುತ್ತಿದ್ದ ಅಷ್ಟು ಗಾಳಿಯೂ ನಿಂತಿತು.

ಮಗಳು ಬಣ್ಣದ ಪೆನ್ಸಿಲ್ ಕೆಳಗಿಟ್ಟಿದ್ದಳು. ಕೈಗಳೆರಡನ್ನೂ ಮೇಜಿಗೆ ಊರಿ, ಭುಜ ಮೇಲೆತ್ತಿ ಕೂತಿದ್ದಳು. ಆ ಭಂಗಿ ನನಗೆ ಗೊತ್ತು. ಇನ್‌ಹೇಲರ್ ಕೊಟ್ಟೆ, ಎರಡು ಸಲ, ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ. ಆರು ವರ್ಷಗಳಿಂದ ನಾನು ಅವಳ ಎದೆಯ ಸದ್ದನ್ನು ಕೇಳುತ್ತ ಬಂದವಳು. ಶಿಳ್ಳೆಯಂತೆ ಬರುವುದು ಯಾವುದು, ಗರಗಸದಂತೆ ಬರುವುದು ಯಾವುದು ಎಂದು ಬಲ್ಲೆ. ಇದು ಎರಡೂ ಅಲ್ಲ. ಇದರಲ್ಲಿ ಸದ್ದೇ ಕಡಿಮೆ. ಅವಳು ನನ್ನ ಮುಖ ನೋಡಿ, "ಅಮ್ಮ, ಮೈ ಮೌತ್ ಟೇಸ್ಟ್ಸ್ ಲೈಕ್ ಕಾಯಿನ್ಸ್," ಎಂದಳು.

ಅಷ್ಟು ಹೊತ್ತಿಗೆ ನಮ್ಮವರು ಕಾರಿನ ಕೀ ಹಿಡಿದಿದ್ದರು.

ಜುಮ್ಮಾ ನಮಾಜಿನ ಹೊತ್ತು. ಅಂಗಡಿಗಳೆಲ್ಲ ಮುಚ್ಚಿ, ರಸ್ತೆ ಖಾಲಿ. ನಾವು ಹೋಗುವ ಕ್ಲಿನಿಕ್ ಶುಕ್ರವಾರ ತೆರೆಯುವುದು ಸಂಜೆಗೆ. ದೊಡ್ಡ ಆಸ್ಪತ್ರೆಗೇ ಹೋಗಬೇಕು. ಹಿಂದಿನ ಸೀಟಿನಲ್ಲಿ ಮಗಳನ್ನು ಎದೆಗೆ ಒರಗಿಸಿಕೊಂಡು, ಯಾಕೆಂದು ನನಗೇ ಸ್ಪಷ್ಟವಿಲ್ಲದೆ, ಮೀನಿನ ಅಂಗಡಿಯವರಿಗೆ ಫೋನ್ ಮಾಡಿದೆ. ಮೂರು ಸಲ. ಎತ್ತಲಿಲ್ಲ. ನಮ್ಮವರು ಕೆಮ್ಮುತ್ತ, ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಓಡಿಸುತ್ತಿದ್ದರು. ಒಂದು ಮಸೀದಿಯ ಸುತ್ತ ನೂರಾರು ಕಾರುಗಳು ನಿಂತಿದ್ದವು, ಹೊರಗೆ ಒಬ್ಬ ಮನುಷ್ಯನಿರಲಿಲ್ಲ.

ತುರ್ತು ಚಿಕಿತ್ಸೆಯ ಡಾಕ್ಟರು ಮಲಯಾಳಿ ಹೆಂಗಸು, ಚುರುಕಿನವರು. ಹಳೆಯ ಫೈಲು ನೋಡಿ, ಆಸ್ತಮಾ ಎಂದು ನೆಬುಲೈಸರ್ ಹಾಕಿಸಿದರು. ಮನೆಯಲ್ಲಿ ಧೂಳು ಎದ್ದಿತ್ತಾ, ಬ್ಲೀಚ್, ಆಸಿಡ್, ಏನಾದರೂ ಕೆಮಿಕಲ್ ಬಳಸಿದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನೋ ಡಾಕ್ಟರ್. ಓನ್ಲಿ ಹಾಟ್ ವಾಟರ್," ಎಂದೆ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಈಗ ಹೇಳಬೇಕು. ನಾನು ಸುಳ್ಳಾಡಲಿಲ್ಲ. ಆದರೆ ಏನನ್ನು ಕುದಿಸಿದೆ ಎಂದು ಹೇಳಲಿಲ್ಲ. ಅಡುಗೆಮನೆಯಲ್ಲಿ ಕಲ್ಲು ಬೇಯಿಸಿದೆ ಎನ್ನಲು ನಾಚಿಕೆಯಾಯಿತು.

ಒಂದು ನೆಬುಲೈಸರ್ ಮುಗಿಯಿತು, ಎರಡನೆಯದು ಶುರುವಾಯಿತು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಅಂಕಿ ಮೇಲೇರಲಿಲ್ಲ. ಮಾಸ್ಕಿನೊಳಗೆ ಮಗಳ ತುಟಿಯ ಬಣ್ಣ ನೋಡಿದೆ, ಮತ್ತೆ ನೋಡಿದೆ. ಡಾಕ್ಟರರ ಹುಬ್ಬು ಗಂಟಿಕ್ಕಿತ್ತು. ಆಗ ಫೋನ್ ಬಂತು.

"ಅಕ್ಕ, ನಮಾಜಿಗೆ ಹೋಗಿದ್ದೆ. ಮೂರು ಸಲ ಮಾಡಿದ್ದೀರಿ. ಎಂತ ಆಯ್ತು?"

"ಆ ಕಲ್ಲು," ಎಂದೆ. "ಕುದಿಸಿದೆ. ಮಗಳಿಗೆ ಉಸಿರು ಬರ್ತಾ ಇಲ್ಲ."

"ಯಾ ಅಲ್ಲಾ," ಎಂದರು ಮೆಲ್ಲಗೆ. "ಡಾಕ್ಟರ್ ಉಂಟಾ ಅಲ್ಲಿ? ಫೋನ್ ಅವರಿಗೆ ಕೊಡಿ. ಈಗಲೇ ಕೊಡಿ ಅಕ್ಕ."

ಅವರಿಬ್ಬರೂ ಮಲಯಾಳದಲ್ಲಿ ಮಾತಾಡಿದರು. ನನಗೆ ಅರ್ಥವಾದದ್ದು ವಿಷ ಎನ್ನುವ ಒಂದೇ ಪದ. ಅದು ಎರಡೂ ಭಾಷೆಯಲ್ಲಿ ಒಂದೇ. ಡಾಕ್ಟರು ಫೋನ್ ವಾಪಸ್ ಕೊಡುವಾಗ ನನ್ನ ಮುಖವನ್ನು ನೋಡಿದ ರೀತಿ ಬೇರೆಯಾಗಿತ್ತು. ಕೋಪವಲ್ಲ. ನನ್ನ ಕೈ ಹಿಡಿದು ನಾಡಿ ಎಣಿಸತೊಡಗಿದರು. ನಮ್ಮ ಮೂವರನ್ನೂ ಮಲಗಿಸಿದರು. ಆ ಕಂದು ಗುಂಡಿಗಳು ಹೂವಿನಂಥ ಒಂದು ಬಗೆಯ ಸಮುದ್ರ ಪ್ರಾಣಿಗಳು. ಅವುಗಳಲ್ಲಿ ಕೆಲವು ಜಾತಿಯವು ಮೈಯಲ್ಲಿ ಭಾರೀ ವಿಷ ಇಟ್ಟುಕೊಂಡಿರುತ್ತವೆ. ಕುದಿಸಿದರೆ ವಿಷ ಸಾಯುವುದಿಲ್ಲ, ಹಬೆಯೊಂದಿಗೆ ಎದ್ದು ಗಾಳಿ ಸೇರುತ್ತದೆ. ಅದನ್ನು ಅವರು ವಿವರಿಸುವಾಗ ನನ್ನ ಎದೆಗೆ ತಂತಿಗಳನ್ನು ಅಂಟಿಸುತ್ತಿದ್ದರು.

ಅದಕ್ಕೆ ಮದ್ದೆಂದು ಬೇರೆ ಇರಲಿಲ್ಲ. ಆಮ್ಲಜನಕ ಕೊಡುವುದು, ಎದೆ ಸಡಿಲಾಗುವ ಔಷಧಿ ಕೊಡುವುದು, ಹೃದಯ ಏನು ಮಾಡುತ್ತದೆಂದು ನೋಡುತ್ತ ಕಾಯುವುದು. ನಮ್ಮಿಬ್ಬರನ್ನೂ ಮರುದಿನ ಡಿಸ್ಚಾರ್ಜ್ ಮಾಡಿದರು. ಮಗಳನ್ನು ನಾಲ್ಕು ದಿನ ಇಟ್ಟುಕೊಂಡರು. ಮೊದಲ ಎರಡು ದಿನ ಅವಳು ಮಾತಾಡಲಿಲ್ಲ. ನಾನು ಮಂಚದ ಪಕ್ಕ ಕೂತು ಪರದೆಯ ಮೇಲಿನ ಹಸಿರು ಅಂಕಿಯನ್ನು ನೋಡುತ್ತಿದ್ದೆ. ಏರಿದರೆ ನಂಬುತ್ತಿರಲಿಲ್ಲ, ಇಳಿದರೆ ನಂಬುತ್ತಿದ್ದೆ. ನಮ್ಮವರು ಕ್ಯಾಂಟೀನಿನ ಚಹಾ ತಂದುಕೊಟ್ಟು, "ಕುಡಿಯೇ," ಎನ್ನುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಚಹಾಕ್ಕೂ ಬೀಗದ ಕೈಯ ರುಚಿಯೇ ಇತ್ತು.

ಮೂರನೆಯ ದಿನ ಅಂಗಡಿಯವರು ನಮ್ಮ ಮನೆ ನೋಡಲು ಬರುತ್ತೇನೆಂದರು. ನಾನು ಬಾಗಿಲು ತೆರೆದುಕೊಟ್ಟೆ. ಅವರು ನನ್ನನ್ನು ಹೊರಗೇ ನಿಲ್ಲಿಸಿ, ಮೂಗಿಗೆ ದಪ್ಪ ಮಾಸ್ಕ್ ಕಟ್ಟಿ, ಒಬ್ಬರೇ ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದರು. ಸಿಂಕು, ಪಾತ್ರೆ, ಬ್ರಶ್ಶು, ಕಲ್ಲು ಎಲ್ಲಕ್ಕೂ ಬ್ಲೀಚ್ ಸುರಿದು ಮೂಟೆ ಕಟ್ಟಿದರು. ಮೀನುಗಳನ್ನು ಚೀಲಕ್ಕೆ ಹಾಕಿದರು. ಎಲ್ಲ ಮುಗಿಸಿ ಮೆಟ್ಟಿಲ ಮೇಲೆ ಬಂದು ಕೂತರು.

"ಹೇಳಿದ್ದೆ ಅಲ್ವಾ ಅಕ್ಕ, ಬಿಸಿನೀರು ಬೇಡ ಅಂತ."

"ಯಾಕೆ ಬೇಡ ಅಂತ ಹೇಳಿರಲಿಲ್ಲ ನೀವು."

ಅವರು ಮಾಸ್ಕನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಹೌದು," ಎಂದರು. "ಹೇಳಿರಲಿಲ್ಲ. ಹೇಳಿದರೆ ಹೆದರಿ ನೀವು ತಗೊಳ್ತಿರಲಿಲ್ಲ." ಆಮೇಲೆ ಏಳುತ್ತ, "ಈಗ ಎಲ್ಲರಿಗೂ ಹೇಳ್ತೇನೆ. ಖಲಾಸ್, ಆ ಜಾತಿಯ ಕಲ್ಲೇ ತರಿಸುವುದಿಲ್ಲ," ಎಂದರು. ತೊಟ್ಟಿ ಎತ್ತಲು ಒಬ್ಬರಿಂದ ಆಗದೆಂದು, ನೀರು ಮರಳು ಹಾಗೇ ಬಿಟ್ಟು, ವಾರದಲ್ಲಿ ಬರುತ್ತೇನೆಂದು ಹೋದರು. ಅವರ ಮೇಲೆ ನನಗೆ ಸಿಟ್ಟಿತ್ತು. ಅವರ ಫೋನು ಬರದಿದ್ದರೆ ಏನಾಗುತ್ತಿತ್ತು ಎಂಬುದೂ ಗೊತ್ತಿತ್ತು. ಎರಡನ್ನೂ ಹೇಳಲಾಗದೆ, ಕುಡಿಯಲು ನೀರು ಬೇಕೇ ಎಂದಷ್ಟೇ ಕೇಳಿದ್ದೆ.

ಅವರು ಹೋದ ಮೇಲೆ ಸ್ಟೂಲು ಹತ್ತಿ ಎಕ್ಸಾಸ್ಟಿನ ರಟ್ಟು ಕಿತ್ತೆ. ಟೇಪು ಅಷ್ಟು ಗಟ್ಟಿಯಾಗಿ ಅಂಟಿತ್ತು, ಚಾಕು ಬೇಕಾಯಿತು.

ಮಗಳು ಮನೆಗೆ ಬಂದದ್ದು ಸೋಮವಾರ ಮಧ್ಯಾಹ್ನ. ತೆಳ್ಳಗಾಗಿದ್ದಳು. ಚಪ್ಪಲಿ ಬಿಟ್ಟು ಸೀದಾ ತೊಟ್ಟಿಯ ಮುಂದೆ ಹೋಗಿ ನಿಂತಳು. ಮೀನಿಲ್ಲದ, ಕಲ್ಲಿಲ್ಲದ ನೀರಿನಲ್ಲಿ ದೀಪ ಮಾತ್ರ ಉರಿಯುತ್ತಿತ್ತು. ಅದನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಅವಳು ಬಗ್ಗಿ, ಹಿಂಬದಿಯ ಗಾಜಿನ ಕೆಳಮೂಲೆಯನ್ನು ಬೆರಳಿನಿಂದ ತೋರಿಸಿದಳು.

"ಒನ್," ಎಂದಳು.

ಒಂದೇ ಒಂದು. ಅಂಗಿಯ ಗುಂಡಿಯಷ್ಟು ಚಿಕ್ಕದು. ಅರಳಿಕೊಂಡು, ಕುಚ್ಚು ಆಡಿಸುತ್ತಿತ್ತು.

ಒರೆಸುವ ಬಟ್ಟೆಯ ಕಡೆ ನನ್ನ ಕೈ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ. ಮಗಳ ತೋಳು ಹಿಡಿದು ಮೆಲ್ಲನೆ ದೂರ ಸರಿಸಿದೆ. ಅಂಗಡಿಯವರಿಗೆ ಫೋನ್ ಮಾಡಿ, ತೊಂದರೆಯಾದರೆ ಆಗಲಿ, ಇವತ್ತೇ ಬರಬೇಕು ಎಂದೆ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬರುತ್ತೇನೆಂದರು.

ಬಾಲ್ಕನಿಯ ಬಾಗಿಲು ತೆರೆದು, ನೆರಳಿದ್ದ ಕಡೆ ಎರಡು ಕುರ್ಚಿ ಹಾಕಿದೆ. ಬಿಸಿಗಾಳಿ ಧೂಳನ್ನು ಹೊತ್ತುಕೊಂಡು ಒಳಗೆ ನುಗ್ಗಿತು. ನಾನು ಮುಚ್ಚಲಿಲ್ಲ. ಮಗಳು ನನ್ನ ಪಕ್ಕ ಕೂತು ಕಾಲು ಆಡಿಸುತ್ತಿದ್ದಳು. ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಅವರು ಬರುವವರೆಗೂ ನಾನು ಬೇರೇನೂ ಮಾಡಲಿಲ್ಲ. ಅವಳ ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಕೇಳುತ್ತ ಕೂತೆ.